ಹೆರಿಗೆ ಊರ ಹತ್ತಿರವೇ ಆಗಬೇಕಾ, ಥಿಯೇಟರ್ ಇರುವಲ್ಲೇ ಆಗಬೇಕಾ?

ನಮ್ಮ ಮಲೆನಾಡಿನ ಹೋಬಳಿ ಮಟ್ಟದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಮಿಡ್‌ವೈಫ್ ನರ್ಸ್‌ಗಳ ಕೈಯಲ್ಲಿ, ತೊಂದರೆ ಇಲ್ಲದ ಹೆರಿಗೆಗಳು ಆಗಬೇಕಾ? ಅಥವಾ ಎಲ್ಲರೂ ಆಪರೇಷನ್ ಥಿಯೇಟರ್, ರಕ್ತ, ಡಾಕ್ಟರು ಎಲ್ಲ ಇರುವ ಕಡೆಗೇ ಹೋಗಬೇಕಾ? ಈ ವಿಷಯಕ್ಕೆ ನಮ್ಮ ಮನೆಯಲ್ಲೇ ಎರಡು ಪಕ್ಷ. ಊಟಕ್ಕೆ ಕೂತಾಗ ಶುರುವಾದರೆ ಮಜ್ಜಿಗೆ ಅನ್ನಕ್ಕೆ ಬಂದರೂ ಮುಗಿಯುವುದಿಲ್ಲ. ಎರಡೂ ಪಕ್ಷವನ್ನು ನಾನೇ ಬರೆಯುತ್ತೇನೆ, ಒಂದೊಂದನ್ನೂ ಅದನ್ನೇ ನಂಬಿದವಳ ಹಾಗೆ.

ಪರ

ಜುಲೈ ತಿಂಗಳು. ಮೂರು ದಿನದಿಂದ ಕರೆಂಟಿಲ್ಲ. ಹೊಸನಗರದ ಕಡೆಯ ನನ್ನ ತವರಿನಲ್ಲಿ ರಾತ್ರಿ ಒಂದೂವರೆಗೆ ನನಗೆ ನೋವು ಶುರುವಾಯಿತು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, 108ಕ್ಕೆ ಫೋನ್ ಮಾಡಲು ಅಣ್ಣ ಛತ್ರಿ ಹಿಡಿದು ಗುಡ್ಡ ಹತ್ತಿದ. ಆಂಬುಲೆನ್ಸ್ ಬರುವುದು ಟಾರ್ ರಸ್ತೆಯವರೆಗೆ ಮಾತ್ರ. ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳ, ಅದಕ್ಕೆ ಅಡಿಕೆ ಮರ ಹಾಕಿದ ಕಾಲುಸಂಕ. ಮುಂದೆ ಅಮ್ಮ, ಹಿಂದೆ ಟಾರ್ಚ್ ಹಿಡಿದ ಅತ್ತಿಗೆ. ಸಂಕದ ನಡುವೆ ಇರುವಾಗಲೇ ಜೋರು ನೋವು ಬಂತು. ಅಲ್ಲೇ ನಿಂತೆ. ಕೆಳಗೆ ಕೆಂಪು ನೀರು ಹರಿಯುವ ಸದ್ದಿಗೆ ಅಮ್ಮ ಏನು ಹೇಳುತ್ತಿದ್ದಾಳೆ ಅಂತಲೂ ಕೇಳಿಸಲಿಲ್ಲ.

ಆರು ಕಿಲೋಮೀಟರ್ ದೂರದಲ್ಲಿ ಆರೋಗ್ಯ ಕೇಂದ್ರ ಇದೆ. ಗೇಟಿಗೆ ಬೀಗ. ಮುಂದೆ ಹೋದೆವು. ತಾಲೂಕು ಪೇಟೆಯಲ್ಲಿ ಆ ರಾತ್ರಿ ಹೆರಿಗೆ ಡಾಕ್ಟರು ಇರಲಿಲ್ಲ, ಮುಂದೆ ಹೋಗಿ ಅಂದರು. ಘಾಟಿಯ ತಿರುವುಗಳಲ್ಲಿ ಸ್ಟ್ರೆಚರಿನ ಕಂಬಿ ಹಿಡಿದುಕೊಂಡು, ಬೆಳಗಿನ ಜಾವ ದೊಡ್ಡ ಆಸ್ಪತ್ರೆ ಸೇರಿದಾಗ ಮಗು ಇನ್ನೇನು ಹೊರಗೆ ಅನ್ನುವ ಹಾಗಿತ್ತು. ಅಮ್ಮನನ್ನು ಬಾಗಿಲಲ್ಲೇ ತಡೆದರು. ಹೆರಿಗೆ ವೇಳೆ ಒಬ್ಬರು ಹೆಂಗಸು ಜೊತೆಗಿರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ, ಆದರೆ ಆ ಬಾಗಿಲವರೆಗೆ ಅದು ತಲುಪಿರಲಿಲ್ಲ. ಕಿರುಚಿದ್ದಕ್ಕೆ ತೊಡೆಯ ಮೇಲೆ ಒಂದು ಏಟು, ಜೊತೆಗೆ ಕೇಳಬಾರದ ಒಂದು ಮಾತು.

ಸಹಜ ಹೆರಿಗೆ. ಮಾಡಿಸಿದ್ದು ಒಬ್ಬ ನರ್ಸ್. ಡಾಕ್ಟರು ಬಂದು ನೋಡಿದ್ದು ಹತ್ತು ಗಂಟೆಗೆ, ರೌಂಡ್ಸ್‌ನಲ್ಲಿ. ಅಂದರೆ ಒಬ್ಬ ನರ್ಸಿನ ಕೈಗೆ ಸಿಗುವುದಕ್ಕೆ ನಾನು ಆ ರಾತ್ರಿಯೆಲ್ಲ ಪ್ರಯಾಣ ಮಾಡಿದೆ. ಆ ನರ್ಸು ಆರು ಕಿಲೋಮೀಟರ್ ದೂರದಲ್ಲೇ ಯಾಕಿರಬಾರದು?

ಸೂಲಗಿತ್ತಿಯರ ಕಾಲ ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು, ಅಂಥ ಕೈ ಊರಿಗೊಂದು ಸಿಗುವುದಿಲ್ಲ. ನಾನು ಹೇಳುವುದು 2018ರ ಕೇಂದ್ರದ ಮಾರ್ಗಸೂಚಿ ಹೇಳುವ ಮಿಡ್‌ವೈಫ್ ಬಗ್ಗೆ. ನರ್ಸಿಂಗ್ ಓದಿ, ಮೇಲೆ ಹದಿನೆಂಟು ತಿಂಗಳು ಹೆರಿಗೆಯದ್ದೇ ತರಬೇತಿ ಪಡೆದವರು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬೇಗ ಕಳಿಸಬೇಕು ಅಂತ ಗೊತ್ತಿರುವವರು. ರಕ್ತಸ್ರಾವದ ಭಯ ಹೇಳುತ್ತಾರಲ್ಲ, ಅದಕ್ಕೂ ದಾರಿ ಇದೆ. ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2023ರಲ್ಲಿ ಹೊರಬಂತು. ಬಾಣಂತಿಯ ಕೆಳಗೆ ರಕ್ತ ಅಳೆಯುವ ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆ ಹಾಸಿ, ಮಿತಿ ಮೀರಿದ ಕೂಡಲೇ ಗರ್ಭಕೋಶ ನೀವುವುದು, ಇಂಜೆಕ್ಷನ್, ಡ್ರಿಪ್ ಎಲ್ಲ ಒಟ್ಟಿಗೇ ಶುರು ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಮೂರೂ ಸೇರಿ ಶೇ. 60ರಷ್ಟು ಕಡಿಮೆಯಾಯಿತು.

ಇನ್ನು ದುಡ್ಡಿನ ಮಾತು. ಇರುವವರು ದಿನ ತುಂಬುವ ಮೊದಲೇ ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ರೂಮು ಮಾಡಿಕೊಂಡು ಕೂರುತ್ತಾರೆ. ತೋಟದ ಕೂಲಿಯವಳಿಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಸಿಗುವುದು 700 ರೂಪಾಯಿ. ಮಳೆಗಾಲದ ನಡುರಾತ್ರಿ ಅಷ್ಟಕ್ಕೆ ಬಾಡಿಗೆ ಜೀಪಿನವನು ಗೇಟು ಕೂಡ ತೆಗೆಯುವುದಿಲ್ಲ. ಜೊತೆಗೆ ಬಂದ ಗಂಡನ ಕೂಲಿ ಹೋಯಿತು, ಹೋಟೆಲ್ ಊಟದ ಖರ್ಚು ಬೇರೆ.

ದೊಡ್ಡ ಕಡೆ ಹೋದಷ್ಟೂ ಕತ್ತರಿಯೂ ಹತ್ತಿರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಅದು 23.6 ಇತ್ತು. ದೇಶದ ಖಾಸಗಿ ಆಸ್ಪತ್ರೆಗಳಲ್ಲಂತೂ ಹೆಚ್ಚುಕಡಿಮೆ ಅರ್ಧಕ್ಕರ್ಧ. ಅಷ್ಟೊಂದು ಜನಕ್ಕೆ ಬೇಕಿತ್ತಾ ಅಂತ ಕೇಳಿದರೆ ಡಾಕ್ಟರುಗಳೇ ಆಚೆ ಈಚೆ ನೋಡುತ್ತಾರೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಿದ್ದು ಸಿಸೇರಿಯನ್ ಆದ ಮೇಲೆ, ಆಗ ಪ್ರಶ್ನೆ ಎದ್ದಿದ್ದು ಡ್ರಿಪ್ಪಿಗೆ ಹಾಕಿದ ದ್ರಾವಣದ ಗುಣಮಟ್ಟದ ಬಗ್ಗೆ. ಕಟ್ಟಡ ದೊಡ್ಡದಾದ ಮಾತ್ರಕ್ಕೆ ಜೀವಕ್ಕೆ ಗ್ಯಾರಂಟಿ ಬಂತು ಅಂತ ಅಲ್ಲವಲ್ಲ.

ವಿರೋಧ

"ತೊಂದರೆ ಇಲ್ಲದ ಹೆರಿಗೆ" ಅನ್ನುವುದು ಹೆರಿಗೆ ಮುಗಿದು, ಬಾಣಂತಿ ಕಾಫಿ ಕುಡಿದ ಮೇಲೆ ಹೇಳುವ ಮಾತು. ಮೊದಲೇ ಹೇಗೆ ಹೇಳುತ್ತೀರಿ?

ನನ್ನ ಚಿಕ್ಕಮ್ಮನ ಮಗಳದ್ದು ಎರಡನೇ ಹೆರಿಗೆ. ತಾಯಿ ಕಾರ್ಡ್ ತೆಗೆದು ನೋಡಿದರೆ ಒಂದು ಕೆಂಪು ಗುರುತಿಲ್ಲ. ಬಿಪಿ ಸರಿ, ಹಿಮೋಗ್ಲೋಬಿನ್ ಹನ್ನೊಂದು. ಮನೆಗೆ ಹತ್ತಿರದ ಚಿಕ್ಕ ಆಸ್ಪತ್ರೆಯಲ್ಲೇ ಆಗಲಿ ಅಂದೆವು. ಮಗು ಅತ್ತಿತು, ಹೊರಗೆ ಚಿಕ್ಕಪ್ಪ ಸಕ್ಕರೆ ಹಂಚಲು ಶುರು ಮಾಡಿದ್ದರು. ಹತ್ತು ನಿಮಿಷಕ್ಕೆ ನರ್ಸ್ ಬಂದು ಇನ್ನೊಂದು ಹಳೇ ಸೀರೆ ಕೊಡಿ ಅಂದರು. ಮತ್ತೆ ಐದು ನಿಮಿಷಕ್ಕೆ ಇನ್ನೊಂದು. ಮೂರನೇ ಸಲ ಅವರು ಕೇಳಲೇ ಇಲ್ಲ, ಚಿಕ್ಕಮ್ಮನ ಹೆಗಲ ಮೇಲಿದ್ದ ಟವೆಲನ್ನೇ ಎಳೆದುಕೊಂಡು ಒಳಗೆ ಓಡಿದರು.

ಅವರದ್ದು ತಪ್ಪಿಲ್ಲ, ಮಾಡಬೇಕಾದ್ದೆಲ್ಲ ಮಾಡಿದರು. ಆದರೆ ಗರ್ಭಕೋಶ ಬಿಗಿಯಾಗಲು ಕೊಡುವ ಆಕ್ಸಿಟೋಸಿನ್ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇರಬೇಕು. ದಿನಗಟ್ಟಲೆ ಕರೆಂಟಿಲ್ಲದ ಮಲೆನಾಡಿನ ಜುಲೈನಲ್ಲಿ ಯಾವ ಫ್ರಿಜ್ಜು ಅಷ್ಟು ತಂಪಿರುತ್ತದೆ ಹೇಳಿ? ಇಂಜೆಕ್ಷನ್ ಕೊಟ್ಟರೂ ರಕ್ತ ನಿಲ್ಲಲಿಲ್ಲ. ಔಷಧ ಕೆಟ್ಟಿತ್ತೋ, ಅವಳ ಮೈಗೇ ಹಿಡಿಯಲಿಲ್ಲವೋ, ಆ ಹೊತ್ತಿಗೆ ಎರಡೂ ಒಂದೇ. ರಕ್ತ ಇದ್ದಿದ್ದು ಶಿವಮೊಗ್ಗದಲ್ಲಿ. ಹೀಗೆ ರಕ್ತ ಹರಿದರೆ ಎರಡು ಗಂಟೆಯಲ್ಲಿ ಜೀವ ಹೋಗಬಹುದು, ನಮ್ಮ ದಾರಿಯೇ ಹತ್ತಿರ ಹತ್ತಿರ ಎರಡು ಗಂಟೆ. ಅವಳು ಬದುಕಿದಳು, ಗರ್ಭಕೋಶ ಉಳಿಯಲಿಲ್ಲ. ಪರದವರು ಹೇಳುವ ಆ ಕಾಲುಸಂಕದ ಕಥೆಯಲ್ಲಿ ಕಷ್ಟಪಟ್ಟವಳು ಕೊನೆಗೆ ಮಗು ಎತ್ತಿಕೊಂಡು, ತನ್ನ ಕಾಲ ಮೇಲೆ ಮನೆಗೆ ಬಂದಳು ಅನ್ನುವುದನ್ನು ಮರೆಯಬೇಡಿ.

ಆ ಆಫ್ರಿಕಾದ ಅಧ್ಯಯನದ ಮಾತು ಬಂತಲ್ಲ, ಅದನ್ನು ಪೂರ್ತಿ ಓದಬೇಕು. ಅದು ನಡೆದಿದ್ದು ವರ್ಷಕ್ಕೆ ಸಾವಿರ ಹೆರಿಗೆಗೂ ಮೇಲೆ ಆಗುವ, ಬೇಕೆಂದರೆ ಅಲ್ಲೇ ಆಪರೇಷನ್ ಮಾಡಬಲ್ಲ ಆಸ್ಪತ್ರೆಗಳಲ್ಲಿ. ತಿಂಗಳಿಗೆ ಎರಡು ಹೆರಿಗೆ ಆಗುವ ಕೇಂದ್ರದಲ್ಲಿ ಅಲ್ಲ. ಅಂಥ ಕಡೆ ನರ್ಸಿಗೆ ದೊಡ್ಡ ರಕ್ತಸ್ರಾವ ಕಣ್ಣಿಗೆ ಬೀಳುವುದೇ ಎರಡು ಮೂರು ವರ್ಷಕ್ಕೊಮ್ಮೆ. ಹದಿನೆಂಟು ತಿಂಗಳು ಕಲಿತ ಕೈ ಕೂಡ ತುಕ್ಕು ಹಿಡಿಯುತ್ತದೆ. 2018ರ ಮಾರ್ಗಸೂಚಿಯೂ ಮಿಡ್‌ವೈಫ್‌ಗಳ ಘಟಕವನ್ನು ಜಾಸ್ತಿ ಹೆರಿಗೆ ಆಗುವ ಆಸ್ಪತ್ರೆಗಳಲ್ಲೇ ಇಡಿ ಅನ್ನುತ್ತದೆ. ಪಕ್ಕದ ಕೋಣೆಯಲ್ಲಿ ಡಾಕ್ಟರು, ಕೆಳಗಿನ ಮಹಡಿಯಲ್ಲಿ ರಕ್ತ. ಅದು ಸರಿಯಾದ ಜಾಗ. ಬೈಯುವುದು, ಹೊಡೆಯುವುದು, ಅಮ್ಮನನ್ನು ಹೊರಗೆ ನಿಲ್ಲಿಸುವುದು ದೊಡ್ಡ ಆಸ್ಪತ್ರೆಗಳ ರೋಗ, ಒಪ್ಪಿದೆ. ಮಿಡ್‌ವೈಫ್ ಬೇಕಾಗಿರುವುದೇ ಅಲ್ಲಿ. ಬೇಡದ ಸಿಸೇರಿಯನ್‌ಗೆ ಅಡ್ಡ ನಿಲ್ಲಬೇಕಾದವರೂ ಅವರೇ.

2018-20ರ ಲೆಕ್ಕದಲ್ಲಿ ಲಕ್ಷ ಮಕ್ಕಳು ಜೀವಂತ ಹುಟ್ಟಿದರೆ ಸಾಯುವ ತಾಯಂದಿರು ಕೇರಳದಲ್ಲಿ 19, ತಮಿಳುನಾಡಿನಲ್ಲಿ 54, ನಮ್ಮಲ್ಲಿ 69. ಇಲ್ಲೂ ಹೆರಿಗೆಗಳು ಬಹುತೇಕ ಆಸ್ಪತ್ರೆಯಲ್ಲೇ ಆಗುತ್ತಿವೆ, ನೂರಕ್ಕೆ 97. ಅಂದರೆ ಆಸ್ಪತ್ರೆ ಅಂತ ಬೋರ್ಡು ಇರುವ ಕಡೆ ಹೋದರೆ ಸಾಲದು. ಪೇಟೆಯವಳಿಗೆ ಥಿಯೇಟರು, ಕಾಡಂಚಿನವಳಿಗೆ ಒಂದು ಮಂಚ, ಒಬ್ಬ ನರ್ಸು ಅಂತ ಮಾಡಿಟ್ಟು ಅದಕ್ಕೆ ಸಮಾನತೆ ಅಂತ ಹೆಸರಿಡಬೇಡಿ.

ದೂರದ ಮಾತು ಹಳೆಯದಾಗುತ್ತಿದೆ. ಶರಾವತಿ ಹಿನ್ನೀರಿನ ತುಮರಿ ಕಡೆಯವರು ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಲಾಂಚ್ ನಂಬಿ ಬದುಕಿದರು. ಸಂಜೆ ಲಾಂಚ್ ನಿಂತ ಮೇಲೆ ನೋವು ಬಂದರೆ ದೇವರೇ ಗತಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು, ಈಗ ರಾತ್ರಿಯೂ ಆಂಬುಲೆನ್ಸ್ ದಾಟುತ್ತದೆ. ಹಾಗೇ ಕಾಲುಸಂಕಗಳ ಜಾಗಕ್ಕೆ ಮೋರಿ ಹಾಕಿ, ತಾಲೂಕು ಆಸ್ಪತ್ರೆಗೆ ಇಪ್ಪತ್ನಾಲ್ಕು ಗಂಟೆಯೂ ಡಾಕ್ಟರು, ಅರಿವಳಿಕೆಯವರು, ರಕ್ತ ಕೊಡಿ. ಅದರ ಪಕ್ಕದಲ್ಲೇ ಬಸುರಿಯರು ಕೊನೆಯ ಹತ್ತು ದಿನ ಬಂದಿರಲು ಒಂದು ಮನೆ ಕಟ್ಟಿ. ಅಡುಗೆಗೆ ಒಲೆ, ಜೊತೆಗೊಬ್ಬರಿಗೆ ಹಾಸಿಗೆ, ಸ್ನಾನಕ್ಕೆ ಬಿಸಿನೀರು. ರಾತ್ರಿ ಒಂದೂವರೆಗೆ ನೋವು ಬಂದರೆ ಅಂಗಳ ದಾಟಿದರೆ ಸಾಕು.

ಇದನ್ನೇ ಮೊನ್ನೆ ನಮ್ಮ ತೋಟಕ್ಕೆ ಬರುವ ಎಂಟು ತಿಂಗಳ ಬಸುರಿಗೆ ಹೇಳಿದೆ. ಎರಡನೇದು, ಹಾಗಾಗಿ ತವರಿಗೆ ಹೋಗುತ್ತಿಲ್ಲ. ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಚೆನ್ನಾಗೈತಿ ಅಕ್ಕಾ, ಹತ್ತು ದಿನ ನಾ ಅಲ್ಲಿ ಕೂತ್ರೆ ನಮ್ಮನೆ ದನಾ ಕರೆಯೋರ್ ಯಾರು?" ಅಂದಳು. ಅವಳ ಮೊದಲ ಮಗು, ಮೂರು ವರ್ಷದ್ದು, ಸೊಂಟದ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು.