ಮರಿ ತಿಂದಳು ಎಂದು ತಾಯಿಮೊಲವನ್ನು ದೂರುವ ಮುನ್ನ

"ತಾಯಿಯೇ ಮರಿಗಳನ್ನ ತಿಂದುಬಿಟ್ಟಿದೆ, ಇನ್ನು ಈ ಮೊಲ ಬೇಡ." ಮೊಲ ಸಾಕುವವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಮರಿ ಹಾಕಿದ ಮೊಲ ಮಾಸನ್ನು ತಿನ್ನುತ್ತದೆ, ಸತ್ತ ಮರಿಯಿದ್ದರೆ ಅದನ್ನೂ ತಿನ್ನುವುದುಂಟು. ಗೂಡು ಚೊಕ್ಕಟ ಮಾಡುವುದು ಅದರ ಹುಟ್ಟುಗುಣ. ಹೆದರಿಕೆಗೋ ನೀರಡಿಕೆಗೋ ಬದುಕಿದ್ದ ಮರಿಯನ್ನೇ ಕಚ್ಚುವ ಮೊಲಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಬಹಳಷ್ಟು ಸಲ ಮರಿ ಮೊದಲೇ ಸತ್ತಿರುತ್ತದೆ. ಯಾಕೆ ಸತ್ತಿತು ಅನ್ನುವುದನ್ನು ನಾವು ಹುಡುಕಬೇಕು.

ಹುಡುಕಾಟ ಶುರುವಾಗುವುದು ಗಂಡಿನ ಜೊತೆ ಬಿಟ್ಟ ತಾರೀಖಿನಿಂದ. ಅದನ್ನು ಬರೆದಿಡದಿದ್ದರೆ ಮುಂದಿನದೆಲ್ಲ ಊಹೆಯೇ. ಮೊಲದ ಗಬ್ಬ ಸಾಮಾನ್ಯವಾಗಿ 30ರಿಂದ 32 ದಿನ. 28 ದಿನ ತುಂಬುವ ಮೊದಲೇ ಹುಟ್ಟಿದ ಮರಿ ಉಳಿಯುವುದು ತೀರಾ ಅಪರೂಪ. ಚರ್ಮ ತೆಳ್ಳಗೆ ಕೆಂಪಗಿರುತ್ತದೆ, ಹಾಲು ಚೀಪಲು ತ್ರಾಣವಿರುವುದಿಲ್ಲ. ಉಳಿದವೆಲ್ಲ ದುಂಡಗಿದ್ದು ಒಂದೆರಡು ಮಾತ್ರ ಅರ್ಧ ಗಾತ್ರದವಾದರೆ ಅದು ಅವಧಿಪೂರ್ವ ಹೆರಿಗೆಯಲ್ಲ. ಕುಬ್ಜ ತಳಿಗಳಲ್ಲಿ ಎರಡೂ ಕಡೆಯಿಂದ ಕುಬ್ಜ ಜೀನ್ ಬಂದ ಮರಿ ಹಾಗೆ ಹುಟ್ಟುತ್ತದೆ, ಕೆಲವೇ ದಿನಗಳಲ್ಲಿ ಹೋಗಿಬಿಡುತ್ತದೆ. ತಂದೆ ತಾಯಿ ಇಬ್ಬರಲ್ಲೂ ಆ ಜೀನ್ ಇದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಯ ಹಣೆಬರಹ ಅದು. ಯಾವ ಆರೈಕೆಯೂ ಅದನ್ನು ಉಳಿಸದು.

ಇನ್ನು 16-18ನೇ ದಿನಕ್ಕೇ ತುಪ್ಪಳ ಕಿತ್ತು ಗೂಡು ಕಟ್ಟಿ, ಮರಿಯೇ ಕಾಣದಿದ್ದರೆ ಬಹುಶಃ ಅದು ಸುಳ್ಳು ಗಬ್ಬ. ಅಲ್ಲಿ ಯಾವ ಮರಿಯೂ ಸತ್ತಿಲ್ಲ.

ಕಂದು ಹಾಕಲು, ಅಂದರೆ ದಿನ ತುಂಬುವ ಮೊದಲೇ ಗಬ್ಬ ಕಳೆದುಕೊಳ್ಳಲು, ಕಾರಣಗಳು ಹಲವು: ವಿಪರೀತ ಸೆಖೆ, ನಾಯಿ ಬೆಕ್ಕಿನ ಹೆದರಿಕೆ, ಬೂಷ್ಟು ಹಿಡಿದ ಹುಲ್ಲು, ಸೋಂಕು. ವಿಟಮಿನ್ ಎ ಕಡಿಮೆಯಾದರೂ ಹೆಚ್ಚಾದರೂ ತೊಂದರೆಯೇ. ಸುಮ್ಮನೆ ಟಾನಿಕ್ ಹಾಕಬೇಡಿ. ಗಬ್ಬ ನಿಂತಿದೆಯೇ ಎಂದು ಹೊಟ್ಟೆ ಒತ್ತಿ ನೋಡುವ ಚಾಳಿಯಂತೂ ಬೇಡವೇ ಬೇಡ. ಪಳಗಿದ ಕೈ 10ರಿಂದ 14ನೇ ದಿನದೊಳಗೆ ನೋಡಿದರೆ ಸರಿ, ಆಮೇಲೆ ಯಾರೂ ಮುಟ್ಟಬಾರದು.

ದಿನ ತುಂಬಿ ಹುಟ್ಟಿದ ಮರಿಗಳೂ ಸಾಯುತ್ತವಲ್ಲ, ಅಲ್ಲಿ ದೊಡ್ಡ ಶತ್ರು ಚಳಿ. ಮರಿ ಬೆತ್ತಲೆ ಹುಟ್ಟುತ್ತದೆ, ತನ್ನ ಮೈಶಾಖ ತಾನೇ ಕಾಯ್ದುಕೊಳ್ಳಲಾರದು. ಗೂಡುಪೆಟ್ಟಿಗೆ ಇಡುವುದು ತಡವಾದರೆ, ಅದರಲ್ಲೂ ಚೊಚ್ಚಲ ತಾಯಿಯಾದರೆ, ತಂತಿ ನೆಲದ ಮೇಲೆಯೇ ಮರಿ ಹಾಕಿಬಿಡುತ್ತದೆ. 27-28ನೇ ದಿನಕ್ಕೆ ತಾಯಿ ತಿರುಗುವಷ್ಟು ಜಾಗದ ಪೆಟ್ಟಿಗೆ, ಅದರ ತುಂಬ ಒಣಹುಲ್ಲು ಇಟ್ಟಿರಬೇಕು. ತಟ್ಟೆಯಲ್ಲಿ ನೀರು ಖಾಲಿಯಾಗಲೇಬಾರದು.

ತಣ್ಣಗಾದ ಮರಿ ಅಲುಗಾಡದಿದ್ದರೂ ಸತ್ತಿತೆಂದು ಎಸೆಯಬೇಡಿ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಿ, ಇಲ್ಲವೇ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ ಮಲಗಿಸಿ. ನಿಧಾನವಾಗಿ ಬೆಚ್ಚಗಾಗಬೇಕು. ಬಣ್ಣ ಗುಲಾಬಿಗೆ ತಿರುಗಿ, ಮುಟ್ಟಿದರೆ ನುಲಿಯತೊಡಗಿದ ಮೇಲಷ್ಟೇ ಹಾಲಿನ ಮಾತು. ತಣ್ಣಗಿರುವಾಗ ಹಾಲು ಹಾಕಿದರೆ ಅದು ಜೀರ್ಣವಾಗದು, ಶ್ವಾಸಕೋಶಕ್ಕೂ ಇಳಿಯಬಹುದು. ನಮ್ಮ ಕೈವಾಸನೆಗೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎನ್ನುವುದು ಸುಳ್ಳು, ಧೈರ್ಯವಾಗಿ ಮುಟ್ಟಿ.

ತಾಯಿ ಗೂಡಲ್ಲೇ ಕೂರುವುದಿಲ್ಲ ಎಂದು ಗಾಬರಿಬೀಳುವವರೇ ಹೆಚ್ಚು. ಅದು ದಿನಕ್ಕೆ ಒಂದೆರಡು ಸಲ, ಮೂರ್ನಾಲ್ಕು ನಿಮಿಷ ಬಂದು ಹಾಲೂಡಿಸಿ ಹೋಗುತ್ತದೆ. ಮರಿಯ ಹೊಟ್ಟೆ ನೋಡಿ: ದುಂಡಗಿದ್ದು ತೆಳುಚರ್ಮದಡಿ ಬೆಳ್ಳಗೆ ಹಾಲು ಕಂಡರೆ ಉಂಡಿದೆ. ಸುಕ್ಕಾಗಿದ್ದರೆ ಹಸಿದಿದೆ. ಅದೇ ವಯಸ್ಸಿನ ಮರಿಗಳಿರುವ ಬೇರೆ ತಾಯಿ ಸಿಕ್ಕರೆ ಅದರ ಗೂಡಿಗೆ ಸೇರಿಸುವುದೇ ಒಳ್ಳೆಯ ದಾರಿ. ಇಲ್ಲವಾದರೆ ಬೆಕ್ಕಿನ ಮರಿಗೆ ಕೊಡುವ ಹಾಲಿನ ಪುಡಿ. ಮಧ್ಯಮ ಗಾತ್ರದ ತಳಿಗೆ ಮೊದಮೊದಲು ದಿನಕ್ಕೆ ಒಟ್ಟು ಸುಮಾರು 5 ಮಿಲಿಲೀಟರ್, ಎರಡು ಬಾರಿಗೆ ಹಂಚಿ, ತಲೆ ಮೇಲಿರುವಂತೆ ಹಿಡಿದು ಹನಿಹನಿಯಾಗಿ. ಆಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗ ಸವರಿದರೆ ಮರಿ ಉಚ್ಚೆ ಮಾಡುತ್ತದೆ. ಕೈಹಾಲಿನಲ್ಲಿ ಎಲ್ಲವೂ ಉಳಿಯುವುದಿಲ್ಲ, ತಿಳಿದೇ ಕೈ ಹಾಕಿ.

ಮರಿ ಹಾಕುವಾಗಲೂ ಮರಿ ಹೋದ ಮೇಲೂ ತಾಯಿಯನ್ನು ಮರೆಯಬೇಡಿ. ಮೊಲೆ ಗಟ್ಟಿಯಾಗಿ ಬಿಸಿಯಾದರೆ, ಅರ್ಧ ಗಂಟೆ ತಿಣುಕಿದರೂ ಮರಿ ಬರದಿದ್ದರೆ, ರಕ್ತ ನಿಲ್ಲದಿದ್ದರೆ, ಅರ್ಧ ದಿನ ಮೇವು ಮುಟ್ಟದಿದ್ದರೆ ಪಶುವೈದ್ಯರ ಬಳಿ ಓಡಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟು ಮೊಲವೇ ಸಾಯಬಹುದು. ಗಂಡನ್ನು ಮರಿ ಹಾಕುವ ಮೊದಲೇ ಬೇರೆ ಮಾಡಿ, ಏಕೆಂದರೆ ಹೆತ್ತ ದಿನವೇ ಮತ್ತೆ ಗಬ್ಬ ನಿಲ್ಲಬಹುದು. ಬೀಜ ತೆಗೆಸಿದ ಗಂಡಿನಲ್ಲೂ ಕೆಲವು ವಾರ ಗಬ್ಬ ಕಟ್ಟಿಸುವ ಶಕ್ತಿ ಉಳಿದಿರುತ್ತದೆ, ಅಲ್ಲಿಯವರೆಗೆ ಅದೂ ಬೇರೆ ಗೂಡಿನಲ್ಲೇ ಇರಲಿ.