ಜಾಗ ನಿಮ್ಮದೇ, ಪಹಣಿ ಮಾತ್ರ ನಮ್ಮದು

ವಾಷಿಂಗ್ಟನ್ ಡಿ.ಸಿ.ಯ ಆರ್‌ಎಫ್‌ಕೆ ಸ್ಟೇಡಿಯಂನಲ್ಲಿ ಜನ ಒಟ್ಟಿಗೆ ಕುಣಿದರೆ ಒಂದು ಕಡೆಯ ಗ್ಯಾಲರಿ ನಿಜಕ್ಕೂ ಮೇಲೆ ಕೆಳಗೆ ಆಡುತ್ತಿತ್ತಂತೆ. 1961ರ ಕಟ್ಟಡ. 1996ರ ಸೀಸನ್ ಮುಗಿಸಿ ಅಮೆರಿಕನ್ ಫುಟ್‌ಬಾಲ್ ತಂಡ ಪಕ್ಕದ ಮೇರಿಲ್ಯಾಂಡಿಗೆ ಗಂಟುಮೂಟೆ ಕಟ್ಟಿತು, 2017ರಲ್ಲಿ ಸಾಕರ್ (ಅಂದರೆ ನಮ್ಮ ಫುಟ್‌ಬಾಲ್) ತಂಡವೂ ಜಾಗ ಖಾಲಿ ಮಾಡಿತು. ಉಳಿದದ್ದು ತುಕ್ಕು, ಸುತ್ತ ಡಾಂಬರು. ಒಟ್ಟು 174 ಎಕರೆ, ಅದೂ ನದಿ ದಂಡೆಯಲ್ಲಿ.

ಊರಿನವರು ಅಲ್ಲಿ ನಾಲ್ಕು ಮನೆ ಕಟ್ಟೋಣ ಅಂದರೆ ಆಗುತ್ತಿರಲಿಲ್ಲ. ಜಾಗ ಕೇಂದ್ರದ್ದು, ಊರು ಆಗ ಬರೀ ಬಾಡಿಗೆದಾರ. ಆಟಕ್ಕೆ ಬಿಟ್ಟು ಬೇರೆಯದಕ್ಕೆ ಬಳಸಬೇಕಾದರೆ ಸಂಸತ್ತು ಕಾನೂನು ಮಾಡಬೇಕಿತ್ತು. ಆ ಸಂಸತ್ತಿನಲ್ಲಿ ಈ ಊರಿನ 7 ಲಕ್ಷ ಜನರಿಗೆ ಒಂದೇ ಒಂದು ಓಟೂ ಇಲ್ಲ. ಕೆಳಮನೆಯಲ್ಲಿ ಒಬ್ಬ ಪ್ರತಿನಿಧಿ ಇದ್ದಾರೆ, ಮಾತಾಡಬಹುದು, ಮಸೂದೆ ಪಾಸು ಮಾಡುವಾಗ ಮತ ಹಾಕುವ ಹಾಗಿಲ್ಲ. ಮದುವೆಮನೆಯಲ್ಲಿ ಬಡಿಸುವವರಿಗೆ ಎಲೆ ಹಾಕದಂತೆ.

ಓಟು ಇದ್ದವರು ಏನು ಮಾಡಿದರು? ಸುಮಾರು 3,000 ಕಿ.ಮೀ. ದೂರದ ಮೊಂಟಾನಾದ ಸೆನೆಟರ್ ಸ್ಟೀವ್ ಡೇನ್ಸ್ ಈ ಜಾಗವನ್ನು ಊರಿನ ಕೈಗೆ ಕೊಡುವ ಮಸೂದೆಗೆ ಅಡ್ಡಗಾಲು ಹಾಕಿದರು. ತಕರಾರು ಜಮೀನಿನದ್ದಲ್ಲ ಸ್ವಾಮಿ, ಫುಟ್‌ಬಾಲ್ ತಂಡ ಕೈಬಿಟ್ಟ ಹಳೆಯ ಲೋಗೋದ್ದು! ಅದರ ಹಿಂದಿದ್ದವರು ಅವರ ರಾಜ್ಯದ ಬುಡಕಟ್ಟಿನವರು, ಗೌರವ ಸಲ್ಲಬೇಕು ಅಂತ. ಇರಲಿ, ಸಲ್ಲಲಿ. ಆದರೆ ಅದಕ್ಕೂ ಪಾರ್ಕಿಂಗ್ ಜಾಗಕ್ಕೂ ಏನು ಸಂಬಂಧ ಅಂತ ಕೇಳಬಾರದು.

ಆಮೇಲೆ 2024ರ ಡಿಸೆಂಬರ್‌ನಲ್ಲಿ ಇದನ್ನು 1,500ಕ್ಕೂ ಜಾಸ್ತಿ ಪುಟಗಳ ಖರ್ಚಿನ ಮಸೂದೆಯೊಳಗೆ ತುರುಕಿದರು, ಅಷ್ಟರಲ್ಲಿ ಅದರಲ್ಲಿ ಸ್ಟೇಡಿಯಂಗೆ 300 ಕೋಟಿ ಡಾಲರ್ ಇದೆಯಂತೆ ಅನ್ನೋ ಗುಲ್ಲು ಎದ್ದಿತು, ಇಲಾನ್ ಮಸ್ಕ್ ಕೂಡ ಅದಕ್ಕೆ ದನಿಗೂಡಿಸಿದರು, ಮಸೂದೆ ಬಿದ್ದೇ ಹೋಯಿತು. ಅದರಲ್ಲಿ ಸ್ಟೇಡಿಯಂಗೆ ಒಂದು ಡಾಲರೂ ಇರಲಿಲ್ಲ. ಕೊನೆಗೆ 21ರ ರಾತ್ರಿ ಒಂದು ಗಂಟೆ ದಾಟಿದ ಮೇಲೆ ಸೆನೆಟ್ ಇದನ್ನು ಬೇರೆಯಾಗಿಯೇ ಪಾಸು ಮಾಡಿತು, ಯಾರೂ ಕೆಮ್ಮಲಿಲ್ಲ. 2025ರ ಜನವರಿ 6ರಂದು ಬೈಡನ್ ಸಹಿ.

ಹಾಗಾದರೆ ಜಾಗ ಊರಿನದ್ದಾಯಿತು ಅಲ್ವಾ? ಇಲ್ಲ. 99 ವರ್ಷಕ್ಕೆ ಆಡಳಿತ ಮಾತ್ರ. ಮಾಲೀಕತ್ವ ಈಗಲೂ ಕೇಂದ್ರದ್ದೇ. ಶೇ. 30ರಷ್ಟು ಪಾರ್ಕಿಗೆ ಬಿಡಬೇಕು, ಸ್ಟೇಡಿಯಂ ಕಟ್ಟಿದರೆ ಕೇಂದ್ರದ ದುಡ್ಡು ಮುಟ್ಟಬಾರದು. ಸರಿ, ಅದೇ ಫುಟ್‌ಬಾಲ್ ತಂಡಕ್ಕೆ ಹೊಸ ಸ್ಟೇಡಿಯಂ ಕಟ್ಟಲು ನಮ್ಮದೇ ತೆರಿಗೆ ದುಡ್ಡು ಹಾಕುತ್ತೇವೆ ಅಂತ ಊರು ಹೊರಟಿತು, 100 ಕೋಟಿ ಡಾಲರ್‌ಗೂ ಜಾಸ್ತಿ. ತಮಾಷೆ ನೋಡಿ, ಅದೇ ವರ್ಷದ ಮಾರ್ಚ್‌ನಲ್ಲಿ ಸಂಸತ್ತು ತನ್ನ ಖರ್ಚಿನ ಕಾನೂನಿನಲ್ಲಿ ಊರಿನ ಬಜೆಟ್‌ಗೆ ಅನುಮತಿ ಕೊಡಬೇಕಿದ್ದ ಸಾಲನ್ನೇ ಬಿಟ್ಟಿತ್ತು. ಊರಿನವರು ಕಟ್ಟಿದ ತೆರಿಗೆಯಲ್ಲೇ ಹೆಚ್ಚುಕಮ್ಮಿ ಅಷ್ಟೇ ದುಡ್ಡು ಖರ್ಚು ಮಾಡದ ಹಾಗೆ ಸಿಕ್ಕಿಕೊಂಡಿತು. ಸೆನೆಟ್ ಸರಿಪಡಿಸಿ ಕಳಿಸಿತು, ಕೆಳಮನೆ ಕೈಗೇ ಎತ್ತಿಕೊಳ್ಳಲಿಲ್ಲ.

ಜುಲೈನಲ್ಲಿ ಟ್ರಂಪ್ ಬಂದರು: ತಂಡ ತಾನು ಬಿಟ್ಟ ಹಳೆಯ ‘ರೆಡ್‌ಸ್ಕಿನ್ಸ್’ ಹೆಸರಿಗೆ ವಾಪಸ್ ಹೋಗದಿದ್ದರೆ ಸ್ಟೇಡಿಯಂ ಒಪ್ಪಂದಕ್ಕೆ ತಡೆ ಹಾಕಬಹುದು ಅಂತ. ಇನ್ನೂ ಇಟ್ಟಿಗೆ ಇಟ್ಟಿರಲಿಲ್ಲ, ನಾಮಕರಣದ ಜಗಳ ಶುರು.

ಈ ಊರಿನ ಕಾರುಗಳ ನಂಬರ್ ಪ್ಲೇಟ್ ಕೆಳಗೆ ಒಂದು ಸಾಲು ಇರುತ್ತದೆ: ಪ್ರಾತಿನಿಧ್ಯ ಕೊಡದೆ ತೆರಿಗೆ ಹಾಕುವುದನ್ನು ನಿಲ್ಲಿಸಿ. ಹೊಸ ಪ್ಲಾನ್‌ನಲ್ಲಿ 8,000 ಕಾರುಗಳಿಗೆ ಪಾರ್ಕಿಂಗ್ ಇದೆ.