ಮಗ್ಗುಲು ಮಹೋತ್ಸವ

ನವೆಂಬರ್ ಮೂರನೇ ಗುರುವಾರ ಬೆಡ್ ಸೋರ್ ತಡೆಯುವ ವಿಶ್ವ ದಿನಾಚರಣೆ. ಬೆಡ್ ಸೋರ್ ಅಂದರೆ ಮಗ್ಗುಲು ಬದಲಿಸದೆ ಮಲಗಿದವರ ಮೈಮೇಲೆ ಒತ್ತಡದಿಂದ ಏಳುವ ಹುಣ್ಣು. ಪೇಪರಿನಲ್ಲಿ ಫೋಟೋ ನೋಡಿರುತ್ತೀರಿ. ಆಸ್ಪತ್ರೆಯ ಸಭಾಂಗಣ, ದೀಪ, ಶಾಲು, ಹಾರ. ರಾಜ್ಯೋತ್ಸವಕ್ಕೆ ತಂದ ಮೈಸೂರು ಪೇಟಗಳು ಮಿಕ್ಕಿರುವ ತಿಂಗಳು, ಖರ್ಚೂ ಕಮ್ಮಿ.

ಇಂಥ ವೇದಿಕೆಯ ಮೇಲೆ ಕೂತವರನ್ನು ನೋಡುವುದೇ ನನಗೆ ಖುಷಿ. ಸ್ವಾಗತ ಭಾಷಣಕ್ಕೆ ಮುಖ್ಯ ಅತಿಥಿಗಳು ಎಡಕ್ಕೆ ವಾಲುತ್ತಾರೆ. ಪ್ರಾಸ್ತಾವಿಕಕ್ಕೆ ಬಲಕ್ಕೆ. ಸಂಪನ್ಮೂಲ ವ್ಯಕ್ತಿಗಳು ಎರಡನೇ ಬಾರಿ ‘ಕೊನೆಯದಾಗಿ’ ಅನ್ನುವಾಗ ಪೃಷ್ಠವನ್ನೇ ಎತ್ತಿ ಇಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಮೂಳೆಗೂ ಕುರ್ಚಿಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹೋಗದಿದ್ದರೆ ಮೈ ತಾನೇ ಗಲಾಟೆ ಮಾಡುತ್ತದೆ. ಸ್ಟ್ರೋಕ್ ಆಗಿ ಮಲಗಿದವರು ಆ ಗಲಾಟೆ ಕೇಳಿಸಿದರೂ ಹೊರಳಲಾರರು. ಬೆನ್ನುಹುರಿಗೆ ಪೆಟ್ಟಾದವರಿಗೆ ಅದು ಕೇಳಿಸುವುದೇ ಇಲ್ಲ. ಬೇರೆಯವರು ಹೊರಳಿಸಬೇಕು. ಎರಡು ಗಂಟೆಗೊಮ್ಮೆ ಅಂತ ರೂಢಿ.

ನಮ್ಮಲ್ಲಿ ಅದು ತಪ್ಪದೆ ನಡೆಯುತ್ತದೆ, ಚಾರ್ಟಿನಲ್ಲಿ. ರಾತ್ರಿ 10, 12, 2, 4. ಎಲ್ಲಕ್ಕೂ ಒಂದೇ ಪೆನ್ನು, ಒಂದೇ ಓಟದ ಸಹಿ. ಏರ್ ಬೆಡ್ ಕೂಡ ಉಂಟು, ಬಾಡಿಗೆಗೆ. ಅದರ ಪಂಪಿಗೆ ಸದಾ ಕರೆಂಟ್ ಬೇಕು. ಇರುವ ಒಂದು ಪ್ಲಗ್ಗಿನಲ್ಲಿ ಪಕ್ಕದ ಬೆಡ್ಡಿನವರ ಮೊಬೈಲು ಚಾರ್ಜಿಗಿರುತ್ತದೆ.

ಅಷ್ಟರಲ್ಲಿ ಹಣ್ಣು ಹಿಡಿದು ಬಂದ ನೆಂಟರು ತಜ್ಞರಾಗುತ್ತಾರೆ. ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ಗಸಗಸ ತಿಕ್ಕಿ, ಗಾಳಿ ತುಂಬಿದ ರಿಂಗಿನ ಮೇಲೆ ಕೂರಿಸಿ ಅನ್ನುತ್ತಾರೆ. ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ರಿಂಗಿನ ಅಂಚಿನಲ್ಲಿ ಒತ್ತಡ ಜಾಸ್ತಿ. ಇದನ್ನೆಲ್ಲ ಹೇಳಬೇಕಾದವರು ಸಭಾಂಗಣದಲ್ಲಿ ಪ್ರಾರ್ಥನೆಗೆ ನಿಂತಿರುತ್ತಾರೆ.

ನರ್ಸನ್ನು ಬೈಯೋಣವಾ? ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ವಾರ್ಡಿಗೆ 3 ರೋಗಿಗೊಬ್ಬ ನರ್ಸ್ ಬೇಕು, ಬೇರೆ ಆಸ್ಪತ್ರೆಯಲ್ಲಿ 5 ರೋಗಿಗೊಬ್ಬರು. ರಾತ್ರಿ ಯಾವುದಾದರೂ ದೊಡ್ಡ ವಾರ್ಡಿಗೆ ಹೋಗಿ ಎಣಿಸಿ ನೋಡಿ. ಗುತ್ತಿಗೆಯ ಹುಡುಗಿಯೊಬ್ಬಳು ಡ್ರಿಪ್ ಬದಲಿಸುತ್ತ ಓಡುತ್ತಿರುತ್ತಾಳೆ. ದಪ್ಪ ದೇಹದ ಗಂಡಸನ್ನು ಅವಳೊಬ್ಬಳೇ ಹೊರಳಿಸುವುದಾದರೂ ಹೇಗೆ? ಅವಳು ಚಾರ್ಟಿಗೆ ಸುಳ್ಳು ಸಹಿ ಹಾಕುತ್ತಾಳೆ. ಹಾಕದಿದ್ದರೆ ಮೆಮೋ.

ಸಾಕು, ಆಸ್ಪತ್ರೆ ನಡೆಸುವ ಮಾರಾಯ್ರೆ. ಇಂಥ ಹುಣ್ಣುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು. ಅದಕ್ಕೆ ಜನ ಬೇಕು, ಜನಕ್ಕೆ ಸಂಬಳ ಕೊಡಬೇಕು. ಅದನ್ನು ಬಿಟ್ಟು ಬೇರೆಲ್ಲ ಮಾಡುತ್ತೀರಿ. ಕೊನೆಗೆ ಮೂಳೆ ಕಾಣುವ ಗಾಯ ಕಟ್ಟಿ ಡಿಸ್ಚಾರ್ಜ್ ಮಾಡುವಾಗ, ತಿಂಗಳಿಂದ ಮಂಚದ ಕೆಳಗೆ ಚಾಪೆ ಹಾಕಿ ಮಲಗಿದ್ದ ಸೊಸೆಯನ್ನೇ ಕೇಳುತ್ತೀರಿ: ‘ಏನಮ್ಮಾ, ಸರಿಯಾಗಿ ನೋಡ್ಕೊಳ್ಳೋಕೆ ಆಗಲ್ವಾ?’